ಹೆಸರಿನ ಪಕ್ಕದ ಖಾಲಿ ಜಾಗ

ನಮ್ಮ ಬಡಾವಣೆಯ ವಾಚನಾಲಯಕ್ಕೆ ಈ ಬೇಸಿಗೆಯಲ್ಲಿ ಸುಣ್ಣಬಣ್ಣವಾಯಿತು. ಗೋಡೆಗಳು ಬೆಳ್ಳಗಾದ ಮೇಲೆ ಬರಿದಾಗಿ ಕಾಣತೊಡಗಿದವು. ಕಾರ್ಯದರ್ಶಿಗಳು ಒಂದು ಸಂಜೆ ಮನೆಗೆ ಬಂದರು. "ಮೇಷ್ಟ್ರೇ, ಜುಲೈ 27 ನಮ್ಮ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ ದಿನ. ಅಲ್ಲಿ ಓದಿದವರು, ಅಲ್ಲಿ ಪಾಠ ಹೇಳಿದವರು ಎಂಥ ಸಾಧನೆ ಮಾಡಿದ್ದಾರೆ ಎಂಬುದು ನಮ್ಮ ಮಕ್ಕಳಿಗೆ ತಿಳಿಯಬೇಕು. ನೀವೊಂದು ಪಟ್ಟಿ ಮಾಡಿಕೊಡಿ. ದೊಡ್ಡ ಹಾಳೆಗಳ ಮೇಲೆ ಬರೆಸಿ ಗೋಡೆಗೆ ಹಾಕೋಣ" ಎಂದರು.

ನಾನು ಆ ವಿಶ್ವವಿದ್ಯಾನಿಲಯದ ಮಗ. 1946ರಲ್ಲಿ ಮೈಸೂರಿನ ಧರ್ಮಾಧ್ಯಕ್ಷರು ಆರಂಭಿಸಿದ ಸಂತ ಫಿಲೋಮಿನಾ ಕಾಲೇಜಿನಲ್ಲಿ ಬಿ.ಎ. ಓದಿ, ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮುಗಿಸಿ, ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಆ ಹೆಸರುಗಳೆಲ್ಲ ನನಗೆ ಬಾಯಿಪಾಠ. ಎರಡು ದಿನದ ಕೆಲಸವೆಂದುಕೊಂಡು ಸಂತೋಷದಿಂದಲೇ ಒಪ್ಪಿಕೊಂಡೆ. ಆದರೆ ಆ ಪಟ್ಟಿ ನನ್ನನ್ನು ಒಂದು ತಿಂಗಳು ಹಿಡಿದು ಕೂರಿಸಿತು. ಏಕೆಂಬುದನ್ನು ಓದುಗರಾದ ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಅದೇ ವಾರ ದ್ವಿತೀಯ ಪಿಯುಸಿ ಫಲಿತಾಂಶ ಬಂತು. ನನ್ನ ಮೊಮ್ಮಗಳು ಗಣಿತದಲ್ಲಿ ಅನುತ್ತೀರ್ಣಳಾಗಿದ್ದಳು. ಮಗ ಸೊಸೆ ಇಬ್ಬರೂ ಅವಳನ್ನು ಬಯ್ಯಲಿಲ್ಲ. ಆದರೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಅವಳು ಕಿಟಕಿಯ ಬಳಿ ಕುಳಿತರೆ ಕುಳಿತೇ ಇರುತ್ತಿದ್ದಳು. ಭಾನುವಾರದ ಬಲಿಪೂಜೆಗೂ ತಲೆನೋವಿನ ನೆಪ ಹೇಳಿ ಬರಲಿಲ್ಲ. ಗುಡಿಯಂಗಳದಲ್ಲಿ ಸಿಕ್ಕವರೆಲ್ಲ ಎಷ್ಟು ಬಂತು ಎಂದು ಕೇಳುತ್ತಾರೆಂಬುದೇ ಆ ತಲೆನೋವು ಎಂದು ನಮಗೆಲ್ಲ ಗೊತ್ತಿತ್ತು.

ಅವಳ ಅಕ್ಷರ ಮುತ್ತಿನಂತಿದೆ. ಮನಸ್ಸು ಬೇರೆಡೆ ಹರಿಯಲಿ ಎಂದು, "ಪುಟ್ಟೀ, ನಾನು ಹೇಳುತ್ತಾ ಹೋಗುತ್ತೇನೆ, ನೀನು ಬರೆದುಕೊಡುತ್ತೀಯಾ?" ಎಂದೆ. ಅವಳು ಮರುಮಾತಾಡದೆ ಹಾಳೆ ಹರಡಿ ಅಡ್ಡಪಟ್ಟಿಯಿಂದ ಗೆರೆ ಎಳೆದಳು. ಎಡಗಡೆ ಹೆಸರು, ನಡುವೆ ಸಾಧನೆ. ಬಲಗಡೆ ಒಂದಿಷ್ಟು ಜಾಗ ಉಳಿಯಿತು. ಅಲ್ಲಿ ಭಾವಚಿತ್ರ ಅಂಟಿಸಬಹುದೆಂದು ಬಿಟ್ಟೆವು.

ಮೊದಲ ಹಾಳೆಗೆ ವಿಶ್ವವಿದ್ಯಾನಿಲಯದ ಹುಟ್ಟಿನ ಕಥೆ. 1916ರ ಜುಲೈ 27ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯನವರು. ಅದಕ್ಕೂ ಮೊದಲು ಮೈಸೂರಿನ ಮಹಾರಾಜ ಕಾಲೇಜಿನವರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನವರೂ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರಬೇಕಾಗಿತ್ತು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ನಮ್ಮದು. ಇಷ್ಟನ್ನು ಬರೆಸುವಾಗ ನನ್ನ ದನಿ ಏರಿತ್ತು ಎಂದು ಕಾಣುತ್ತದೆ. ಮೊಮ್ಮಗಳು ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಲೆ ತಗ್ಗಿಸಿದಳು.

ಅನಂತರ ಹೆಸರುಗಳು. ಆರ್. ಶಾಮಶಾಸ್ತ್ರಿ: ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರು. ಡಾ. ಎಸ್. ರಾಧಾಕೃಷ್ಣನ್: 1918ರಿಂದ 1921ರವರೆಗೆ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, 1962ರಲ್ಲಿ ರಾಷ್ಟ್ರಪತಿ. ಕುವೆಂಪು: ವಿದ್ಯಾರ್ಥಿ, ಅಧ್ಯಾಪಕ, ಪ್ರಾಂಶುಪಾಲ, ಕುಲಪತಿ, ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು. ಆರ್.ಕೆ. ನಾರಾಯಣ್, ಆರ್.ಕೆ. ಲಕ್ಷ್ಮಣ್, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್, ವಿಜ್ಞಾನಿ ರಾಜೇಶ್ವರಿ ಚಟರ್ಜಿ. ಇಲ್ಲಿಯೇ ಓದಿ ಇಲ್ಲಿಯೇ ಇಂಗ್ಲಿಷ್ ಪಾಠ ಹೇಳಿದ ಯು.ಆರ್. ಅನಂತಮೂರ್ತಿ: 1994ರ ಜ್ಞಾನಪೀಠ. ಇಲ್ಲಿಯ ಎಂಜಿನಿಯರಿಂಗ್ ಪದವೀಧರ ಎನ್.ಆರ್. ನಾರಾಯಣಮೂರ್ತಿ: ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರು.

ಆರನೆಯದೋ ಏಳನೆಯದೋ ಹೆಸರಿಗೆ ಬಂದಾಗ ಅವಳು ಲೇಖನಿ ಕೆಳಗಿಟ್ಟಳು.

"ತಾತ, ಇವರ್‍ಯಾರೂ ಫೇಲೇ ಆಗಿಲ್ವಾ?"

ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ನನಗೆ ಮಾತ್ರ ಯಾರೋ ಹಿಂದಿನಿಂದ ಹೆಗಲ ಮೇಲೆ ಕೈಯಿಟ್ಟಂತಾಯಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ಇದೇ ಮನೆ. ನನ್ನ ಮಗ, ಅಂದರೆ ಈ ಹುಡುಗಿಯ ಅಪ್ಪ, ಪಿಯುಸಿಯಲ್ಲಿ ಎರಡನೆಯ ಸಲವೂ ಅನುತ್ತೀರ್ಣನಾದ ದಿನ. ಮನೆಗೆ ನೆಂಟರು ಬಂದಿದ್ದರು. ಊಟಕ್ಕೆ ಕುಳಿತಾಗ ಯಾರೋ ಫಲಿತಾಂಶದ ಮಾತು ತೆಗೆದರು. ನಾನು ಎಲ್ಲರಿಗೂ ಕೇಳುವಂತೆ ಒಂದೊಂದೇ ಹೆಸರು ಹೇಳಿದೆ. ರಾಧಾಕೃಷ್ಣನ್ ಪಾಠ ಹೇಳಿದ ಊರು ಇದು, ಕುವೆಂಪು ಓದಿದ ಊರು ಇದು, ನಾರಾಯಣ್ ನಡೆದಾಡಿದ ಊರು ಇದು. "ಅಂಥ ವಿಶ್ವವಿದ್ಯಾನಿಲಯದ ಬಾಗಿಲಲ್ಲಿ ನನ್ನ ಮನೆಯಿದೆ. ನನ್ನ ಮಗನಿಗೆ ಮಾತ್ರ ಅದರ ಹೊಸ್ತಿಲು ದಾಟುವ ಯೋಗ್ಯತೆ ಇಲ್ಲ" ಎಂದೆ. ಮಗ ತಟ್ಟೆಯ ಮುಂದಿನಿಂದ ಎದ್ದು ಮಹಡಿಗೆ ಹೋದ. ಅಂದು ನಾನು ಓದಿ ಹೇಳಿದ್ದೂ ಒಂದು ಪಟ್ಟಿಯೇ. ಈಗ ಅವನ ಮಗಳ ಕೈಯಿಂದಲೇ ಬರೆಸುತ್ತಿರುವ ಅದೇ ಪಟ್ಟಿ.

"ಆಗಿದ್ದಾರೆ ಪುಟ್ಟೀ," ಎಂದೆ. "ನಾರಾಯಣ್ ಆಗಿದ್ದರು."

ಅವಳು ನಂಬಲಿಲ್ಲ. ಅವಳಿಗೆ ಹೇಳುತ್ತಾ ಹೇಳುತ್ತಾ, ತರಗತಿಗಳಲ್ಲಿ ನೂರು ಸಲ ಹೇಳಿದ್ದ ಕಥೆಯನ್ನು ನಾನೇ ಮೊದಲ ಬಾರಿಗೆ ಕೇಳಿಸಿಕೊಂಡೆ.

ಆರ್.ಕೆ. ನಾರಾಯಣ್ ಅವರ ತಂದೆ ಮೈಸೂರಿನ ಮಹಾರಾಜ ಕಾಲೇಜಿಯೇಟ್ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು. ಅಂಥವರ ಮಗ ವಿಶ್ವವಿದ್ಯಾನಿಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣನಾದ. ಊರಿನ ಮಕ್ಕಳನ್ನೆಲ್ಲ ಪರೀಕ್ಷೆಗೆ ಸಿದ್ಧಪಡಿಸುವವರ ಮನೆಯಲ್ಲೇ ಹೀಗಾದರೆ ಆ ತಂದೆ ಎಷ್ಟು ಜನರ ಪ್ರಶ್ನೆಗಳನ್ನು ಎದುರಿಸಿರಬೇಕು! ಮಗ ಒಂದು ವರ್ಷ ಮನೆಯಲ್ಲಿ ಉಳಿದು, ಕೈಗೆ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದರು, ಬರೆಯಲು ತೊಡಗಿದರು. 1926ರಲ್ಲಿ ತೇರ್ಗಡೆಯಾಗಿ ಮಹಾರಾಜ ಕಾಲೇಜು ಸೇರಿದರು. ಬಿ.ಎ. ಪದವಿಗೂ ಉಳಿದವರಿಗಿಂತ ಒಂದು ವರ್ಷ ಹೆಚ್ಚು ಹಿಡಿಯಿತು, 1930ರಲ್ಲಿ ಮುಗಿಯಿತು. ಮುಂದೆ ಮೇಷ್ಟರ ಕೆಲಸ ಸಿಕ್ಕಿತು, ಅದನ್ನೂ ಬಿಟ್ಟರು. ಬರೆದ ಮೊದಲ ಕಾದಂಬರಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯನಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಬರೆದರು. ಗೆಳೆಯ ಎಸೆಯಲಿಲ್ಲ. ಅದನ್ನು ಲೇಖಕ ಗ್ರಹಾಂ ಗ್ರೀನ್ ಅವರ ಕೈಗೆ ಕೊಟ್ಟರು. 1935ರಲ್ಲಿ 'ಸ್ವಾಮಿ ಅಂಡ್ ಫ್ರೆಂಡ್ಸ್' ಪ್ರಕಟವಾಯಿತು.

"ಆಮೇಲೆ?" ಎಂದಳು ಮೊಮ್ಮಗಳು.

ಆಮೇಲಿನದು ಎಲ್ಲರಿಗೂ ಗೊತ್ತಿರುವುದೇ. 'ದಿ ಗೈಡ್' ಕಾದಂಬರಿಗೆ 1960ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. 2000ದಲ್ಲಿ ಪದ್ಮವಿಭೂಷಣ. ಆದರೆ ನಾನು ಅವಳಿಗೆ ಹೇಳಿದ್ದು ಬೇರೊಂದು ಸಂಗತಿ. ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡಾಗ, 1989ರಲ್ಲಿ ತಮ್ಮ ಮೊದಲ ಭಾಷಣಕ್ಕೆ ಆರಿಸಿಕೊಂಡ ವಿಷಯ ಶಾಲಾಮಕ್ಕಳ ಬೆನ್ನ ಮೇಲಿನ ಚೀಲದ ಭಾರ. ಎಂಬತ್ತು ದಾಟಿದ ಆ ಲೇಖಕರು ದೇಶದ ಮೇಲ್ಮನೆಯಲ್ಲಿ ನಿಂತು ಮಕ್ಕಳ ಪರವಾಗಿ ಮಾತನಾಡಿದರು. ಮುಂದೆ ಇದೇ ವಿಚಾರವಾಗಿ ಪ್ರೊ. ಯಶಪಾಲ್ ಅವರ ಸಮಿತಿ ನೇಮಕಗೊಂಡು 1993ರಲ್ಲಿ ವರದಿ ಕೊಟ್ಟಿತು. ಪರೀಕ್ಷೆಯಲ್ಲಿ ಸೋತು ಮನೆಯಲ್ಲಿ ಕುಳಿತ ಆ ಒಂದು ವರ್ಷವನ್ನು ಅವರು ಕೊನೆಯವರೆಗೂ ಮರೆತಿರಲಿಲ್ಲವೆಂದು ನಾನು ಊಹಿಸುತ್ತೇನೆ.

ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಎದ್ದು ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಕುಳಿತೆ. ಪಟ್ಟಿಯ ಒಬ್ಬೊಬ್ಬರ ಬದುಕಿನಲ್ಲೂ, ಹೆಸರಿಗೂ ಪ್ರಶಸ್ತಿಗೂ ನಡುವೆ ಏನಿತ್ತೆಂದು ಹುಡುಕತೊಡಗಿದೆ.

ಆರ್.ಕೆ. ಲಕ್ಷ್ಮಣ್, ನಾರಾಯಣ್ ಅವರ ಕೊನೆಯ ತಮ್ಮ. ಚಿತ್ರ ಕಲಿಯಬೇಕೆಂದು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಕಾಣುವುದಿಲ್ಲವೆಂಬ ಉತ್ತರ ಬಂತು. ಅವರು ಮಹಾರಾಜ ಕಾಲೇಜಿನಲ್ಲಿಯೇ ಬಿ.ಎ. ಓದುತ್ತಾ ಚಿತ್ರ ಬರೆಯುವುದನ್ನು ಬಿಡಲಿಲ್ಲ. ಅಣ್ಣ ಪತ್ರಿಕೆಗೆ ಬರೆದ ಕಥೆಗಳಿಗೆ ತಮ್ಮನೇ ಚಿತ್ರ ಬರೆದರು. 1951ರಿಂದ ದೇಶ ಅವರ ಚೌಕಳಿ ಅಂಗಿಯ ಶ್ರೀಸಾಮಾನ್ಯನನ್ನು ದಿನವೂ ಪತ್ರಿಕೆಯಲ್ಲಿ ಹುಡುಕಿ ನೋಡಿತು. 1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಸೇರಿಸಿಕೊಳ್ಳದ ಅದೇ ಕಲಾಶಾಲೆ ಮುಂದೊಂದು ದಿನ ಅವರನ್ನು ಮುಖ್ಯ ಅತಿಥಿಯಾಗಿ ಕರೆಯಿತು.

ಕುವೆಂಪು ಅವರ ಕಥೆಯಲ್ಲಿ ಪರೀಕ್ಷೆಯ ಸೋಲಿಲ್ಲ, ಬೇರೊಂದು ಬಗೆಯ ಪೆಟ್ಟಿದೆ. ಹನ್ನೆರಡರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಮಲೆನಾಡಿನ ಹುಡುಗ ಮೈಸೂರಿಗೆ ಬಂದು ವೆಸ್ಲಿಯನ್ ಮಿಷನ್ ಪ್ರೌಢಶಾಲೆಯಲ್ಲಿ ಓದಿದರು. ಇಂಗ್ಲಿಷಿನಲ್ಲಿ ಕವಿತೆ ಬರೆದರು, ಪುಸ್ತಕವನ್ನೂ ಅಚ್ಚು ಹಾಕಿಸಿದರು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆ ಕವಿತೆಗಳನ್ನು ಹಿಡಿದು ಹೋದರೆ, ಅವರು ಓದಿ, ನಿನ್ನ ತಾಯ್ನುಡಿಯಲ್ಲಿ ಬರೆಯಬಾರದೇಕೆ ಎಂದು ಕೇಳಿದರು. ಮೆಚ್ಚುಗೆಯನ್ನು ನಿರೀಕ್ಷಿಸಿ ಹೋದ ಇಪ್ಪತ್ತರ ಯುವಕನಿಗೆ ಆ ಮಾತು ಸಿಹಿಯಾಗಿರಲಾರದು. ಅದೇ ಮಾತು ಅವರನ್ನು ಕನ್ನಡಕ್ಕೆ ತಿರುಗಿಸಿತು. ಮಹಾರಾಜ ಕಾಲೇಜಿನಲ್ಲಿ ಟಿ.ಎಸ್. ವೆಂಕಣ್ಣಯ್ಯನವರಂಥ ಗುರು ಸಿಕ್ಕರು. 1929ರಲ್ಲಿ ಕನ್ನಡ ಎಂ.ಎ. ಮುಗಿಸಿ ಅಲ್ಲಿಯೇ ಅಧ್ಯಾಪಕರಾದರು. 1956ರಿಂದ 1960ರವರೆಗೆ ಕುಲಪತಿಗಳಾದರು. ತಾನು ಪದವಿ ಕೊಟ್ಟ ವಿದ್ಯಾರ್ಥಿಯೊಬ್ಬ ತನ್ನ ಕುಲಪತಿಯಾದದ್ದನ್ನು ಈ ವಿಶ್ವವಿದ್ಯಾನಿಲಯ ಆಗ ಮೊದಲ ಸಲ ಕಂಡಿತು. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿ ಮಾನಸಗಂಗೋತ್ರಿಯನ್ನು ಕಟ್ಟಿ ಅದಕ್ಕೆ ಆ ಹೆಸರಿಟ್ಟವರು ಅವರೇ. 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ 1967ರ ಸಾಲಿನ ಜ್ಞಾನಪೀಠ ಬಂತು. ಆ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು, 1939ರಲ್ಲಿಯೇ ತೀರಿಕೊಂಡಿದ್ದ ಗುರು ವೆಂಕಣ್ಣಯ್ಯನವರಿಗೆ.

ಎಂ.ಎನ್. ಶ್ರೀನಿವಾಸ್ ಹುಟ್ಟಿದ್ದು ಮೈಸೂರಿನಲ್ಲಿ, ವಿಶ್ವವಿದ್ಯಾನಿಲಯ ಹುಟ್ಟಿದ 1916ರಲ್ಲೇ. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿ, ಆಕ್ಸ್‌ಫರ್ಡ್‌ಗಳಿಗೆ ಹೋಗಿ, 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯೊಂದರಲ್ಲಿ ವಾಸವಿದ್ದು ಅಲ್ಲಿಯ ಬದುಕನ್ನು ಟಿಪ್ಪಣಿ ಮಾಡಿಕೊಂಡರು. ವರ್ಷಗಟ್ಟಲೆ ಆ ಟಿಪ್ಪಣಿಗಳನ್ನು ಓರಣಗೊಳಿಸಿದರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ಪುಸ್ತಕ ಬರೆಯಲು ಕುಳಿತಿದ್ದ ಕಾಲದಲ್ಲಿ, ಕಿಡಿಗೇಡಿಗಳು ಕಟ್ಟಡಕ್ಕೆ ಬೆಂಕಿಯಿಟ್ಟರು. ಓರಣಗೊಳಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು, ನೆನಪಿನಿಂದಲೇ ಬರೆಯಿರಿ ಎಂದು ಹುರಿದುಂಬಿಸಿದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಹೊರಬಂತು. ಸಮಾಜಶಾಸ್ತ್ರ ಓದುವವರಿಗೆ ಇಂದಿಗೂ ಅದು ಬೇಕೇ ಬೇಕಾದ ಪುಸ್ತಕ.

ರಾಜೇಶ್ವರಿ ಚಟರ್ಜಿ, ಆ ಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡರಲ್ಲೂ ಮೊದಲ ಸ್ಥಾನ. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ವಿಷಯದಲ್ಲಿ ತಲೆಮಾರುಗಳನ್ನು ತಿದ್ದಿದರು. ಅವರು ಸೋತವರಲ್ಲ. ಆದರೆ ಒಬ್ಬ ಹುಡುಗಿ ಒಂಟಿಯಾಗಿ ಹಡಗು ಹತ್ತುವುದನ್ನು ಕಾಣದ ಕಾಲದಲ್ಲಿ ಅವರು ಹತ್ತಿದರು. ಅವರಿಗಿಂತ ಮೊದಲು ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾಗಿದ್ದರು, ಹೆಣ್ಣುಮಕ್ಕಳಿಗಾಗಿ ದುಡಿದವರು. ಬಾಗಿಲನ್ನು ಆ ಅಜ್ಜಿ ತೆರೆದಿಟ್ಟಿದ್ದರು.

ಇಷ್ಟು ಹೊತ್ತಿಗೆ ಗಡಿಯಾರ ಎರಡು ಹೊಡೆದಿತ್ತು. ಒಂದು ಸಂಗತಿ ನನಗೆ ಸ್ಪಷ್ಟವಾಗತೊಡಗಿತು. ಸೋಲು ಎಲ್ಲರ ಬದುಕಿನಲ್ಲೂ ಇರಲಿಲ್ಲ. ಆದರೆ ಪ್ರತಿಯೊಬ್ಬರ ಪಕ್ಕದಲ್ಲೂ ಇನ್ನೊಬ್ಬರು ಇದ್ದರು. ನಾರಾಯಣ್ ಅವರಿಗೆ ಕಲ್ಲು ಕಟ್ಟಲು ಒಪ್ಪದ ಗೆಳೆಯ, ಲಕ್ಷ್ಮಣ್ ಅವರಿಗೆ ಅಣ್ಣ, ಕುವೆಂಪು ಅವರಿಗೆ ಗುರು, ಶ್ರೀನಿವಾಸರಿಗೆ ಸಹೋದ್ಯೋಗಿ, ರಾಜೇಶ್ವರಿಯವರಿಗೆ ಅಜ್ಜಿ. ರಾಧಾಕೃಷ್ಣನ್ ಅವರೂ ಹಾಗೆಯೇ. ಬಡತನದಲ್ಲಿ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಸೇರಿದ ಹುಡುಗ ತತ್ತ್ವಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೆ ಕಾರಣ, ಆ ವಿಷಯ ಓದಿ ಮುಗಿಸಿದ್ದ ಬಂಧುವೊಬ್ಬ ತನ್ನ ಪುಸ್ತಕಗಳನ್ನು ಕೊಟ್ಟಿದ್ದು. ಆ ಹಳೆಯ ಪುಸ್ತಕಗಳ ದಾರಿ ಮೈಸೂರಿಗೂ, ಕಲ್ಕತ್ತೆಗೂ, ರಾಷ್ಟ್ರಪತಿ ಭವನಕ್ಕೂ ಹೋಯಿತು. 1921ರಲ್ಲಿ ಅವರು ಮೈಸೂರು ಬಿಟ್ಟು ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ, ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದರು. ಎಳೆದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ.

ಶಾಮಶಾಸ್ತ್ರಿಗಳ ಕಥೆಯೂ ಇದೇ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ, ಅಂದರೆ ಮುಂದೆ ವಿಶ್ವವಿದ್ಯಾನಿಲಯದ ಅಂಗವಾದ ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ, ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದನ್ನು ತಂದುಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಶಾಮಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದರು. ಜಗತ್ತು ಕಳೆದುಹೋಯಿತೆಂದು ಭಾವಿಸಿದ್ದ ಅರ್ಥಶಾಸ್ತ್ರ ಅದು. 1909ರಲ್ಲಿ ಮೂಲ ಪ್ರಕಟವಾಯಿತು, 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂತು. ಶಾಮಶಾಸ್ತ್ರಿಗಳ ಹೆಸರು ಲೋಕಪ್ರಸಿದ್ಧವಾಯಿತು. ಕಟ್ಟನ್ನು ಹೊತ್ತು ತಂದವರು 'ತಂಜಾವೂರಿನ ಒಬ್ಬ ಪಂಡಿತ' ಎಂದಷ್ಟೇ ಉಳಿದರು.

ಹಾಗಾದರೆ ನನ್ನ ಮಗನ ಪಕ್ಕದಲ್ಲಿ ಯಾರಿದ್ದರು? ಈ ಪ್ರಶ್ನೆ ಎದುರಾದಾಗ ಪುಸ್ತಕ ಮುಚ್ಚಿಟ್ಟು ದೀಪ ಆರಿಸಿದೆ. ಉತ್ತರ ನನಗೆ ಗೊತ್ತಿತ್ತು. ನಾನಂತೂ ಇರಲಿಲ್ಲ.

ಇದ್ದವಳು ಅವನ ತಾಯಿ. ಅಂದು ಅವನು ಎದ್ದುಹೋದ ಮೇಲೆ ಅವಳು ಯಾರೊಡನೆಯೂ ವಾದಿಸಲಿಲ್ಲ. ಇನ್ನೊಂದು ತಟ್ಟೆಗೆ ಅನ್ನ ಸಾರು ಹಾಕಿಕೊಂಡು ಮಹಡಿಗೆ ಹೋದಳು. ಬಹಳ ಹೊತ್ತಾದ ಮೇಲೆ ತಟ್ಟೆ ಬರಿದಾಗಿ ಕೆಳಗೆ ಬಂತು. ಕೆಲವು ತಿಂಗಳ ನಂತರ ಅವನು ಮೋಟಾರ್ ವೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಕಲಿಯಲು ಹೋದಾಗ ನಾನು ಒಂದು ವಾರ ಮಾತು ಬಿಟ್ಟಿದ್ದೆ. ಅವನು ಸ್ವಂತ ಅಂಗಡಿ ತೆರೆಯುವ ದಿನ ಬಂದಾಗ ಅವಳ ಕೈಯಲ್ಲಿದ್ದ ಎರಡು ಬಳೆಗಳು ಅಡವಿನಂಗಡಿ ಸೇರಿದವು. ಅದೂ ನನಗೆ ತಿಳಿದದ್ದು ಆರು ತಿಂಗಳ ಮೇಲೆ.

ಅವಳೂ ಇದೇ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿ ಎಂಬುದನ್ನು ಪಟ್ಟಿ ಮಾಡುವಾಗ ನಾನು ಮರೆತೇಬಿಟ್ಟಿದ್ದೆ! 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮೂಲಕ ಶಿಕ್ಷಣವನ್ನು ಆರಂಭಿಸಿತು. ಅದೇ ಮುಂದೆ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮದುವೆಯಾಗಿ, ಕೈಗೂಸನ್ನು ಎತ್ತಿಕೊಂಡೇ ಅವಳು ಆ ಅಂಚೆ ಪಾಠಗಳಿಂದ ಬಿ.ಎ. ಓದಿದಳು. ಪಾಠದ ಲಕೋಟೆಗಳು ಬಂದರೆ ಅಡುಗೆಮನೆಯ ಗೂಡಿನಲ್ಲಿ, ಸಾಂಬಾರು ಪುಡಿಯ ಡಬ್ಬಿಯ ಹಿಂದೆ ಇಡುತ್ತಿದ್ದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ತೆಗೆಯುತ್ತಿದ್ದಳು. ಎರಡನೆಯ ದರ್ಜೆಯಲ್ಲಿ ತೇರ್ಗಡೆಯಾದಳು. ಆ ಪದವಿಯಿಂದ ಅವಳು ಯಾವ ಹುದ್ದೆಗೂ ಹೋಗಲಿಲ್ಲ, ಯಾವ ಪ್ರಶಸ್ತಿಯೂ ಬರಲಿಲ್ಲ. ಅವಳು ತೀರಿಕೊಂಡು ಈಗ ನಾಲ್ಕು ವರ್ಷ.

ಬೆಳಿಗ್ಗೆ ಮೊಮ್ಮಗಳನ್ನು ಕರೆದು, ಭಾವಚಿತ್ರ ಬೇಡವೆಂದೆ. ಬಲಗಡೆಯ ಖಾಲಿ ಜಾಗದ ನೆತ್ತಿಯ ಮೇಲೆ 'ಜೊತೆಗಿದ್ದವರು' ಎಂದು ಬರೆಸಿದೆ. ನಾರಾಯಣ್ ಅವರ ಮುಂದೆ: 'ಹಸ್ತಪ್ರತಿಯನ್ನು ನದಿಗೆ ಎಸೆಯದ ಗೆಳೆಯ'. ಕುವೆಂಪು ಅವರ ಮುಂದೆ: 'ಗುರು ಟಿ.ಎಸ್. ವೆಂಕಣ್ಣಯ್ಯ'. ರಾಧಾಕೃಷ್ಣನ್ ಅವರ ಮುಂದೆ: 'ಹಳೆಯ ಪುಸ್ತಕ ಕೊಟ್ಟ ಬಂಧು'. ಶಾಮಶಾಸ್ತ್ರಿಗಳ ಮುಂದೆ: 'ತಂಜಾವೂರಿನ ಒಬ್ಬ ಪಂಡಿತ'. ಅನಂತಮೂರ್ತಿ, ನಾರಾಯಣಮೂರ್ತಿ ಇವರ ಮುಂದಿನ ಜಾಗವನ್ನು ಸದ್ಯಕ್ಕೆ ಖಾಲಿ ಬಿಡಿಸಿದೆ. ವಾಚನಾಲಯಕ್ಕೆ ಬರುವ ಮಕ್ಕಳು ಪುಸ್ತಕ ಓದಿ ಅಲ್ಲಿ ಏನು ಬರೆಯಬೇಕೆಂದು ಹುಡುಕಲಿ ಎಂದು. ಮೊಮ್ಮಗಳಿಗೆ ಅದು ಆಟದಂತೆ ರುಚಿಸಿತು.

ಸಂಜೆ ಮಗ ಅಂಗಡಿ ಮುಚ್ಚಿ ಬಂದ. ಕೈಗೆ ಹತ್ತಿದ್ದ ವಾರ್ನಿಷ್ ತೊಳೆದುಕೊಂಡು ಬಂದು, ನಡುಮನೆಯಲ್ಲಿ ಒಣಗಲು ಹರಡಿದ್ದ ಹಾಳೆಗಳ ಮುಂದೆ ನಿಂತ. ಅವನು ನಿಧಾನವಾಗಿ ಓದುವವನು. ಪೂರ್ತಿ ಓದಿದ.

"ಅಪ್ಪ, ನಾರಾಯಣ್ ಫೇಲಾಗಿದ್ದು ಅವತ್ತು ನಿಮಗೆ ಗೊತ್ತಿರಲಿಲ್ಲವಾ?"

ಸುಳ್ಳು ಹೇಳಬಹುದಿತ್ತು. ಆ ವಯಸ್ಸಿನಲ್ಲಿ ಓದಿರಲಿಲ್ಲ, ಈಚೆಗೆ ತಿಳಿಯಿತು ಎನ್ನಬಹುದಿತ್ತು. "ಗೊತ್ತಿತ್ತು ಮಗನೇ," ಎಂದೆ. "ತರಗತಿಯಲ್ಲಿ ಬೇರೆಯವರ ಮಕ್ಕಳಿಗೆ ಹೇಳುತ್ತಿದ್ದೆ. ನಿನಗೆ ಹೇಳಲಿಲ್ಲ. ನನ್ನ ತಪ್ಪು."

ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತು, ಹಾಳೆಯ ಒಂದು ಮೂಲೆ ಗಾಳಿಗೆ ಮೇಲೇಳುತ್ತಿದ್ದುದನ್ನು ಕಂಡು, ಪಕ್ಕದಲ್ಲಿದ್ದ ತಾಮ್ರದ ತಂತಿಯ ಸುರುಳಿಯೊಂದನ್ನು ಅದರ ಮೇಲೆ ಭಾರಕ್ಕಿಟ್ಟು ಒಳಗೆ ಹೋದ. ಮೂವತ್ತು ವರ್ಷದ ಮಾತು ಒಂದು ಸಂಜೆಗೆ ಕರಗುತ್ತದೆಂದು ನಾನು ನಂಬುವುದಿಲ್ಲ. ಆದರೆ ರಾತ್ರಿ ಊಟಕ್ಕೆ ಕುಳಿತಾಗ, ತನ್ನ ಅಂಗಡಿಯಲ್ಲಿ ಕೆಲಸ ಕಲಿಯುತ್ತಿರುವ ಹುಡುಗರ ವಿಷಯವನ್ನು ಅವನಾಗಿಯೇ ತೆಗೆದು ಹೇಳಿದ. ಮೂವರಲ್ಲಿ ಇಬ್ಬರು ಎಸ್ಸೆಸ್ಸೆಲ್ಸಿ ದಾಟದವರು. ಒಬ್ಬನನ್ನು ಮತ್ತೆ ಪರೀಕ್ಷೆ ಕಟ್ಟಿಸಿದ್ದಾನಂತೆ, ಶುಲ್ಕವನ್ನೂ ತಾನೇ ಕಟ್ಟಿದ್ದಾನಂತೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕೇಳಿರಲಿಲ್ಲ.

ಆತ್ಮೀಯ ಓದುಗರೇ, ಅನುತ್ತೀರ್ಣರಾದವರೆಲ್ಲ ನಾರಾಯಣ್ ಆಗುತ್ತಾರೆಂದು ನಾನು ಹೇಳಲಾರೆ. ಹಾಗೆ ಹೇಳಿ ಮಕ್ಕಳನ್ನು ಸಮಾಧಾನಪಡಿಸುವುದೂ ಇನ್ನೊಂದು ಬಗೆಯ ಹೋಲಿಕೆಯೇ. ನನ್ನ ಮಗ ಯಾವ ಪಟ್ಟಿಗೂ ಸೇರಿಲ್ಲ. ಅವನು ಸುತ್ತಿಕೊಟ್ಟ ಮೋಟಾರುಗಳಿಂದ ಎಷ್ಟೋ ಹೊಲಗಳಿಗೆ ನೀರು ಹರಿದಿದೆ, ಅಷ್ಟು ಸಾಕು. ಸಾಧಕರ ಹೆಸರು ಹೇಳಿ ಮಕ್ಕಳನ್ನು ಹುರಿದುಂಬಿಸುವುದು ಒಳ್ಳೆಯದೇ. ಹೇಳುವಾಗ ಪೂರ್ತಿ ಕಥೆ ಹೇಳೋಣ. ಮುಚ್ಚಿದ ಬಾಗಿಲಿಗೂ ಮುಂದಿನ ಬಾಗಿಲಿಗೂ ನಡುವೆ ಒಂದಿಷ್ಟು ಕಾಲವಿರುತ್ತದೆ. ನಾರಾಯಣ್ ಅವರಿಗೆ ಅದು ಒಂದು ವರ್ಷ, ಶ್ರೀನಿವಾಸರಿಗೆ ಆರು ವರ್ಷ. ಆ ಕಾಲವನ್ನು ವಿಶ್ವವಿದ್ಯಾನಿಲಯ ಕೊಡಲಾರದು, ಮನೆಯವರೇ ಕೊಡಬೇಕು, ನೆರೆಹೊರೆಯವರು ಕೊಡಬೇಕು, ಗುಡಿಯಂಗಳದಲ್ಲಿ ಸಿಗುವ ನಾವೆಲ್ಲ ಕೊಡಬೇಕು. ಎಷ್ಟು ಬಂತು ಎಂದು ಕೇಳುವ ಮೊದಲು ಹೇಗಿದ್ದೀಯಮ್ಮ ಎಂದು ಕೇಳಿದರೂ ಆಯಿತು.

ಮೊಮ್ಮಗಳು ಮುಂದಿನ ಪರೀಕ್ಷೆಗೆ ಹೆಸರು ಕೊಟ್ಟು ಓದುತ್ತಿದ್ದಾಳೆ. ಈ ಸಲವೂ ಗಣಿತ ಅವಳನ್ನು ಕಾಡಬಹುದು, ಕಾಡದಿರಬಹುದು. ಅವಳು ಓದುವುದು ಅಡುಗೆಮನೆಯಲ್ಲಿ, ಅಜ್ಜಿಯ ಗೂಡಿನ ಕೆಳಗೆ ಮೇಜು ಹಾಕಿಕೊಂಡು. ಅಲ್ಲಿ ತಂಪು ಎಂದು ಅವಳ ವಾದ. ರಾತ್ರಿ ಹತ್ತಕ್ಕೆ ನಾನು ಫ್ಲಾಸ್ಕಿನಲ್ಲಿ ಬಿಸಿ ಹಾಲು ತುಂಬಿ ಅವಳ ಪಕ್ಕದಲ್ಲಿಟ್ಟು ಬರುತ್ತೇನೆ. ಲೆಕ್ಕ ಎಲ್ಲಿಗೆ ಬಂತೆಂದು ಕೇಳುವುದಿಲ್ಲ.

ವಾಚನಾಲಯದ ಹಾಳೆಗಳು ಸಿದ್ಧವಾಗಿವೆ. ಕೊನೆಯ ಹಾಳೆಯ ಕೆಳಗೆ ಒಂದು ಸಾಲು ಉಳಿದಿತ್ತು. ನನ್ನನ್ನು ಕೇಳದೆಯೇ ಮೊಮ್ಮಗಳು ಅಲ್ಲಿ ತನ್ನ ಅಜ್ಜಿಯ ಹೆಸರು ಬರೆದಿದ್ದಾಳೆ. ಸಾಧನೆಯ ಜಾಗದಲ್ಲಿ, 'ಬಿ.ಎ., ಅಂಚೆ ಮೂಲಕ'. ಬಲಗಡೆ ಏನೂ ಬರೆದಿಲ್ಲ. ಅಲ್ಲಿ ನನ್ನ ಹೆಸರು ಇರಬೇಕಾಗಿತ್ತು.